ಬೇರೆಯವರ ರಾಕೆಟ್ ಹತ್ತಿ ಹೋದ ಉಪಗ್ರಹ ‘ನಮ್ಮದೇ’ ಹೇಗಾಗುತ್ತದೆ?

ಪ್ರಶ್ನೆ: ಕೀನ್ಯಾ, ಇಥಿಯೋಪಿಯಾ, ನೇಪಾಳ, ಬಾಂಗ್ಲಾದೇಶ ‘ತಮ್ಮದೇ ಉಪಗ್ರಹ’ ಹಾರಿಸಿದವು ಎಂದು ಆಗಾಗ ಓದುತ್ತೇವೆ. ಒಳಗೆ ನೋಡಿದರೆ ರಾಕೆಟ್ ಬೇರೆ ದೇಶದ್ದು, ಎಷ್ಟೋ ಸಲ ಉಪಗ್ರಹ ಕಟ್ಟಿದವರೂ ಬೇರೆಯವರೇ. ಹಾಗಿದ್ದರೆ ‘ತಮ್ಮದೇ’ ಅನ್ನುವುದಕ್ಕೆ ಏನರ್ಥ? ಶಾಲೆ, ಆಸ್ಪತ್ರೆಗೇ ದುಡ್ಡು ಸಾಲದ ದೇಶಗಳಿಗೆ ಇದೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗಲ್ಲವೇ? ಅದರ ಬದಲು, ಭೂಮಧ್ಯರೇಖೆಯ ಹತ್ತಿರ ಇರುವ ದೇಶಗಳು ಉಡಾವಣಾ ಕೇಂದ್ರ ಕಟ್ಟಿ ಬಾಡಿಗೆಗೆ ಕೊಟ್ಟು ದುಡ್ಡು ಮಾಡಬಹುದಲ್ಲ?

ಉತ್ತರ: ಒಂದೇ ಪ್ರಶ್ನೆಯಲ್ಲಿ ಮೂರು ಕೇಳಿದ್ದೀರಿ. ‘ತಮ್ಮದೇ’ ಅನ್ನುವ ಮಾತನ್ನು ಮೊದಲು ಬಿಡಿಸೋಣ. ಉಳಿದೆರಡಕ್ಕೂ ಉತ್ತರ ಅದರಲ್ಲೇ ಅಡಗಿದೆ.

ಸ್ವಂತ ರಾಕೆಟ್ಟಿನಲ್ಲಿ ಸ್ವಂತ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ದೇಶಗಳು ಎಷ್ಟಿವೆ ಗೊತ್ತಾ? ಬೆರಳೆಣಿಕೆಯಷ್ಟು. 1957ರಲ್ಲಿ ಸೋವಿಯತ್ ಒಕ್ಕೂಟ, 1958ರಲ್ಲಿ ಅಮೆರಿಕ, 1965ರಲ್ಲಿ ಫ್ರಾನ್ಸ್, 1970ರಲ್ಲಿ ಜಪಾನ್ ಮತ್ತು ಚೀನಾ, 1971ರಲ್ಲಿ ಬ್ರಿಟನ್, 1980ರಲ್ಲಿ ಭಾರತ, 1988ರಲ್ಲಿ ಇಸ್ರೇಲ್. ಆಮೇಲೆ 2009ರಲ್ಲಿ ಇರಾನ್, 2012ರಲ್ಲಿ ಉತ್ತರ ಕೊರಿಯಾ, 2022ರಲ್ಲಿ ದಕ್ಷಿಣ ಕೊರಿಯಾ. ಉಪಗ್ರಹ ಇಟ್ಟುಕೊಂಡಿರುವ ದೇಶಗಳೋ ಎಂಬತ್ತಕ್ಕೂ ಜಾಸ್ತಿ. ರಾಕೆಟ್ಟೇ ಅಳತೆಗೋಲು ಅಂದರೆ ಜರ್ಮನಿ, ಕೆನಡಾ ಕೂಡ ಫೇಲ್ ಆಗುತ್ತವೆ. ಕೆನಡಾ 1962ರಲ್ಲೇ ಅಲೂಯೆಟ್ ಎಂಬ ಉಪಗ್ರಹವನ್ನು ತಾನೇ ಕಟ್ಟಿತ್ತು. ಹಾರಿಸಿದ್ದು ಮಾತ್ರ ಅಮೆರಿಕದ ರಾಕೆಟ್ಟಿನಲ್ಲಿ. ಅದನ್ನು ಕೆನಡಾದ್ದಲ್ಲ ಎಂದು ಯಾರೂ ಹೇಳುವುದಿಲ್ಲ.

ಈ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಬ್ರಿಟನ್ನಿನ ಕಥೆ. 1971ರ ಅಕ್ಟೋಬರ್ 28ರಂದು ಅದು ಬ್ಲ್ಯಾಕ್ ಆ್ಯರೋ ಎಂಬ ಸ್ವಂತ ರಾಕೆಟ್ಟಿನಲ್ಲಿ ಪ್ರಾಸ್ಪೆರೋ ಎಂಬ ಉಪಗ್ರಹವನ್ನು ಆಸ್ಟ್ರೇಲಿಯಾದ ವೂಮೆರಾದಿಂದ ಹಾರಿಸಿತು. ಗುರಿ ಮುಟ್ಟಿತು. ತಮಾಷೆ ಏನೆಂದರೆ, ಆ ರಾಕೆಟ್ ಯೋಜನೆಯನ್ನು ನಿಲ್ಲಿಸುತ್ತೇವೆ ಎಂದು ಸರ್ಕಾರ ಮೂರು ತಿಂಗಳ ಮೊದಲೇ ಹೇಳಿಬಿಟ್ಟಿತ್ತು. ಹೇಗೂ ಸಿದ್ಧವಾಗಿದೆಯಲ್ಲ ಎಂದು ಹಾರಿಸಿದರು, ಗೆದ್ದರು, ಬಾಗಿಲು ಹಾಕಿದರು. ಅಮೆರಿಕದ ರಾಕೆಟ್ಟಿನಲ್ಲಿ ಕಳಿಸಿದರೆ ಅಗ್ಗ ಎಂಬುದು ಅವರ ಲೆಕ್ಕ.

ಹತ್ತು ವರ್ಷದ ನಂತರ, 1981ರಲ್ಲಿ, ಅದೇ ದೇಶದ ಸರ್ರೆ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸ್ವೀಟಿಂಗ್ ಮತ್ತು ಜೊತೆಗಾರರು ಯುಒಸ್ಯಾಟ್-1 ಎಂಬ ಪುಟ್ಟ ಉಪಗ್ರಹ ಕಟ್ಟಿದರು. ಬಾಹ್ಯಾಕಾಶಕ್ಕೆಂದೇ ಮಾಡಿದ ದುಬಾರಿ ಭಾಗಗಳಿಗೆ ಕಾಯದೆ, ಮಾರುಕಟ್ಟೆಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಭಾಗಗಳನ್ನೇ ಬಳಸಿದರು. ನಾಸಾ ರಾಕೆಟ್ಟಿನಲ್ಲಿ ದೊಡ್ಡ ಉಪಗ್ರಹವೊಂದರ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಕೂತು ಅದು ಮೇಲೆ ಹೋಯಿತು. 1985ರಲ್ಲಿ ಆ ಗುಂಪೇ ಕಂಪನಿಯಾಯಿತು. ಅದು ಉಪಗ್ರಹದ ಜೊತೆಗೆ ಅದನ್ನು ಕಟ್ಟುವ ವಿದ್ಯೆಯನ್ನೂ ಮಾರಲು ಶುರುಮಾಡಿತು. ಕೊಳ್ಳುವ ದೇಶ ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಳಿಸಬೇಕು. ಅವರು ಒಂದೆರಡು ವರ್ಷ ಅಲ್ಲೇ ಇದ್ದು, ಕೈಕೆಸರು ಮಾಡಿಕೊಂಡು ಕಲಿಯಬೇಕು.

ದಕ್ಷಿಣ ಕೊರಿಯಾ ಹೀಗೆ ವಿದ್ಯಾರ್ಥಿಗಳನ್ನು ಕಳಿಸಿತು. 1992ರ ಆಗಸ್ಟ್‌ನಲ್ಲಿ ಅವರ ಕಿಟ್‌ಸ್ಯಾಟ್-1 ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹಾರಿತು. ಜೋಡಿಸಿದ್ದು ಸರ್ರೆಯಲ್ಲಿ. ನೀವು ಆಗ ಕೊರಿಯಾದಲ್ಲಿ ಇದ್ದಿದ್ದರೆ, ‘ಇದು ನಮ್ಮದು ಹೇಗೆ?’ ಎಂದು ಅಲ್ಲೂ ಕೇಳುತ್ತಿದ್ದಿರಿ. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಮರುವರ್ಷ ಬಂತು. 1993ರಲ್ಲಿ ಕಿಟ್‌ಸ್ಯಾಟ್-2ನ್ನು ಅವರು ಕೊರಿಯಾದಲ್ಲೇ ಕಟ್ಟಿದರು. 1999ರಲ್ಲಿ ಕಿಟ್‌ಸ್ಯಾಟ್-3 ಭಾರತದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋಯಿತು. ಅದೇ ಹೊತ್ತಿಗೆ ಆ ತಂಡದವರು ಸೇರಿ ಸತ್ರೆಕ್ ಇನಿಶಿಯೇಟಿವ್ ಎಂಬ ಕಂಪನಿ ತೆರೆದರು. ಕಲಿತವರು ಈಗ ಮೇಷ್ಟ್ರಾದರು.

ಆ ಮೇಷ್ಟ್ರ ಬಳಿ ಕಲಿಯಲು ಬಂದವರಲ್ಲಿ ಯುಎಇಯವರೂ ಇದ್ದರು. 2009ರ ದುಬೈಸ್ಯಾಟ್-1 ಕಟ್ಟುವಾಗ ಎಮಿರೇಟಿ ಎಂಜಿನಿಯರುಗಳದು ಸಣ್ಣ ಪಾಲು. 2013ರ ದುಬೈಸ್ಯಾಟ್-2 ಹೊತ್ತಿಗೆ ಪಾಲು ಹೆಚ್ಚಿತು. 2018ರ ಖಲೀಫಾಸ್ಯಾಟ್ ಅನ್ನು ಅವರೇ ತಮ್ಮ ದೇಶದಲ್ಲಿ ಕಟ್ಟಿದರು. 2021ರ ಫೆಬ್ರವರಿ 9ರಂದು ಅವರ ಹೋಪ್ ನೌಕೆ ಮಂಗಳನ ಕಕ್ಷೆ ಸೇರಿತು. ಅದನ್ನು ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರ ಜೊತೆ ಸೇರಿ ಕಟ್ಟಿದ್ದರು, ಹಾರಿಸಿದ್ದು ಜಪಾನಿನ ರಾಕೆಟ್. ಯುಎಇ ದುಡ್ಡಿರುವ ದೇಶ, ಒಪ್ಪುತ್ತೇನೆ. ಆದರೆ ದುಡ್ಡಿದ್ದೂ ರಾಕೆಟ್ ಕಟ್ಟಲು ಹೊರಡಲಿಲ್ಲ, ನೋಡಿ. ಜನರನ್ನು ತಯಾರು ಮಾಡಲು ಹೊರಟಿತು.

ಹಾಗಾಗಿ ‘ತಮ್ಮದೇ’ ಅನ್ನುವುದಕ್ಕೆ ನನ್ನ ಅಳತೆಗೋಲು ಬೇರೆ. ಉಪಗ್ರಹ ಇದ್ದಕ್ಕಿದ್ದಂತೆ ಮೌನವಾದ ರಾತ್ರಿ ಫೋನ್ ಯಾರಿಗೆ ಹೋಗುತ್ತದೆ?

ತರಬೇತಿ ಕೊಡಲೆಂದು ಒಮ್ಮೆ ಒಂದು ದೇಶದ ನಿಯಂತ್ರಣ ಕೊಠಡಿಗೆ ಹೋಗಿದ್ದೆ. ಯಾವ ದೇಶ ಎಂಬುದು ಬೇಡ. ಗೋಡೆ ತುಂಬ ಪರದೆಗಳು, ಹೊರಗೆ ಹೊಚ್ಚ ಹೊಸ ಆಂಟೆನಾ. ಬ್ಯಾಟರಿಗೆ ಸಂಬಂಧಿಸಿದ ಒಂದು ಎಚ್ಚರಿಕೆ ಪರದೆಯ ಮೇಲೆ ಕೆಂಪಾಯಿತು. ಪಾಳಿಯಲ್ಲಿದ್ದ ಹುಡುಗ ಉಪಗ್ರಹ ಮಾರಿದ ಕಂಪನಿಗೆ ಫೋನ್ ಮಾಡಿದ. ಅಲ್ಲಿ ರಜೆ. ಎರಡು ದಿನ ಆ ಕೆಂಪು ಹಾಗೇ ಇತ್ತು. ಹುಡುಗ ದಡ್ಡನಲ್ಲ, ತುಂಬಾ ಚುರುಕು. ಆದರೆ ಯಾವ ಆಜ್ಞೆ ಕಳಿಸಿದರೆ ಏನಾಗುತ್ತದೆ ಎಂದು ಹೇಳುವ ಕೈಪಿಡಿಯಲ್ಲಿ ಅರ್ಧ ಅವನ ಕೈಗೆ ಬಂದೇ ಇರಲಿಲ್ಲ. ಒಪ್ಪಂದದಲ್ಲೇ ಅದು ಇರಲಿಲ್ಲವಂತೆ. ಬಾವುಟ, ಆಂಟೆನಾ, ಕಟ್ಟಡ ಎಲ್ಲವೂ ಆ ದೇಶದ್ದು. ಉಪಗ್ರಹ ಮಾತ್ರ ಆ ಎರಡು ದಿನ ಯಾರದ್ದೂ ಆಗಿರಲಿಲ್ಲ.

ಕಲಿತು ಬಂದರೂ ಸಾಲದು. ನೈಜೀರಿಯಾದ್ದು ಕೊರಿಯಾದಂತೆಯೇ ಶುರುವಾದ ಕಥೆ. ಸರ್ರೆಯಲ್ಲೇ ಕಟ್ಟಿದ ನೈಜೀರಿಯಾಸ್ಯಾಟ್-1 2003ರಲ್ಲಿ ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಹಾರಿತು. ಹಲವು ದೇಶಗಳು ಸೇರಿ ಮಾಡಿಕೊಂಡ ವಿಕೋಪ ನಿಗಾ ಕೂಟದಲ್ಲಿ ಅದೂ ಒಂದು. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕಕ್ಕೆ ಬಡಿದಾಗ ಅದರ ಚಿತ್ರಗಳನ್ನು ಕೊಟ್ಟ ಉಪಗ್ರಹಗಳಲ್ಲಿ ಇದೂ ಇತ್ತು. ಬಡದೇಶ ಶ್ರೀಮಂತ ದೇಶಕ್ಕೆ ನೆರವಾದ ಸಂದರ್ಭ! 2011ರಲ್ಲಿ ಹಾರಿದ ನೈಜೀರಿಯಾಸ್ಯಾಟ್-ಎಕ್ಸ್ ಅನ್ನು ನೈಜೀರಿಯಾದ ಎಂಜಿನಿಯರುಗಳೇ ಸರ್ರೆಯಲ್ಲಿ ಕೂತು ಕಟ್ಟಿದರು. ಇನ್ನೇನು, ಮುಂದಿನದು ತಮ್ಮ ನೆಲದಲ್ಲೇ ಆಗಬೇಕಿತ್ತು. ಆಗಲಿಲ್ಲ. ಆ ಮಟ್ಟದ ಇನ್ನೊಂದು ಉಪಗ್ರಹ ಹತ್ತು ವರ್ಷ ಕಳೆದರೂ ಮೇಲೇರಲಿಲ್ಲ. ಕಲಿತ ಕೈಗೆ ಕೆಲಸ ಸಿಗದಿದ್ದರೆ ಏನಾಗುತ್ತದೆ? ಒಬ್ಬರು ಬೇರೆ ಕೆಲಸ ಹಿಡಿಯುತ್ತಾರೆ, ಇನ್ನೊಬ್ಬರು ಬೇರೆ ದೇಶಕ್ಕೆ ಹೋಗುತ್ತಾರೆ. ಕೊರಿಯಾದಲ್ಲಿ ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದೇ ವರ್ಷ ಇತ್ತು. ನನ್ನ ಪ್ರಕಾರ ಈ ಎರಡು ದೇಶಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅದೇ. ಮೊದಲ ಉಪಗ್ರಹಕ್ಕೆ ಸಹಿ ಹಾಕುವ ಹೊತ್ತಿಗೇ ಎರಡನೆಯದಕ್ಕೆ ದುಡ್ಡು ಎತ್ತಿಡಬೇಕು. ಅದಾಗದಿದ್ದರೆ ಮೊದಲನೆಯದನ್ನೂ ಕೊಳ್ಳದಿರುವುದೇ ವಾಸಿ.

ಈಗ ಮಲ್ಲಿಗೆಯ ವಿಷಯಕ್ಕೆ ಬರೋಣ. ಈ ಪ್ರಶ್ನೆಗೆ ಭಾರತದ ಬಾಹ್ಯಾಕಾಶ ಯೋಜನೆ ಶುರುಮಾಡಿದ ವಿಕ್ರಂ ಸಾರಾಭಾಯಿ ಅವರ ಮಾತನ್ನು ಹೇಳಿ ಮುಗಿಸುವುದು ವಾಡಿಕೆ. ನಾನು ಬ್ರೆಜಿಲ್‌ಗೆ ಕರೆದುಕೊಂಡು ಹೋಗುತ್ತೇನೆ.

ಅಮೆರಿಕ 1972ರಲ್ಲಿ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿಸಿತು. ಮರುವರ್ಷವೇ ಬ್ರೆಜಿಲ್ ತನ್ನ ಕುಯಿಯಾಬಾ ಊರಿನಲ್ಲಿ ಅದರ ಚಿತ್ರಗಳನ್ನು ನೇರವಾಗಿ ಹಿಡಿಯುವ ಆಂಟೆನಾ ನಿಲ್ಲಿಸಿತು. ಉಪಗ್ರಹ ಅವರದ್ದಲ್ಲ. ಚಿತ್ರ ಓದುವ ಕಣ್ಣು ಅವರದ್ದು. ಬ್ರೆಜಿಲ್ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ಇನ್ಪೆ, 1988ರಿಂದ ಪ್ರತಿ ವರ್ಷ ಅಮೆಜಾನ್ ಕಾಡು ಎಷ್ಟು ಕಡಿದಿದ್ದಾರೆ ಎಂದು ಅಳೆದು ಲೆಕ್ಕ ಕೊಡುತ್ತಾ ಬಂತು. ವರ್ಷಕ್ಕೊಮ್ಮೆ ಲೆಕ್ಕ ಸಿಕ್ಕರೆ ಮರ ಹೋದ ಮೇಲೆ ಗೊತ್ತಾಗುತ್ತದೆ, ಅಷ್ಟೇ. 2004ರಲ್ಲಿ ಡೆಟರ್ ಎಂಬ ಇನ್ನೊಂದು ವ್ಯವಸ್ಥೆ ತಂದರು. ನಾಸಾ ಉಪಗ್ರಹಗಳು ಪುಕ್ಕಟೆ ಕೊಡುವ, ಸ್ಪಷ್ಟತೆ ಕಡಿಮೆಯಾದರೂ ಪದೇಪದೇ ಸಿಗುವ ಚಿತ್ರಗಳನ್ನು ಬಳಸಿ, ಕಾಡಿನಲ್ಲಿ ಹೊಸ ಬೋಳು ಕಂಡ ಕೂಡಲೇ ಅರಣ್ಯ ಕಾವಲು ಪಡೆಗೆ ಸುದ್ದಿ ಮುಟ್ಟಿಸುವ ಏರ್ಪಾಟು. ಆ ವರ್ಷ ಅಮೆಜಾನ್‌ನಲ್ಲಿ 27,000 ಚದರ ಕಿಲೋಮೀಟರಿಗೂ ಜಾಸ್ತಿ ಕಾಡು ಹೋಗಿತ್ತು. 2012ರಲ್ಲಿ ಅದು 5,000ಕ್ಕಿಂತ ಕೆಳಗಿಳಿಯಿತು. ಎಲ್ಲವೂ ಉಪಗ್ರಹದ ಮಹಿಮೆ ಅಲ್ಲ. ಕಾನೂನು ಬಿಗಿಯಾಯಿತು, ದಂಡ ಬಿತ್ತು, ಸಾಲಕ್ಕೆ ಷರತ್ತು ಬಂತು. ಆದರೆ ಎಲ್ಲಿ ಕಡಿಯುತ್ತಿದ್ದಾರೆ ಎಂದೇ ತಿಳಿಯದಿದ್ದರೆ ದಂಡ ಹಾಕುವುದು ಯಾರಿಗೆ?

ಇದರ ಜೊತೆಗೇ ಬ್ರೆಜಿಲ್ ಚೀನಾ ಜೊತೆ 1988ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಇಬ್ಬರೂ ಖರ್ಚು ಹಂಚಿಕೊಂಡು ಉಪಗ್ರಹ ಕಟ್ಟುವುದು. ಸಿಬರ್ಸ್ ಎಂಬ ಆ ಸರಣಿಯ ಮೊದಲನೆಯದು 1999ರಲ್ಲಿ ಹಾರಿತು. 2004ರಿಂದ ಅದರ ಚಿತ್ರಗಳನ್ನು ಬ್ರೆಜಿಲ್ ತನ್ನ ಜನರಿಗೆ ಪುಕ್ಕಟೆ ಕೊಡತೊಡಗಿತು. ಅಮೆರಿಕ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪುಕ್ಕಟೆ ಮಾಡಿದ್ದು 2008ರಲ್ಲಿ, ನಾಲ್ಕು ವರ್ಷ ತಡವಾಗಿ. ಕೊನೆಗೆ 2021ರ ಫೆಬ್ರವರಿ 28ರಂದು ಬ್ರೆಜಿಲ್ ತಾನೇ ಕಟ್ಟಿದ ಅಮೆಜೋನಿಯಾ-1 ಪಿಎಸ್‌ಎಲ್‌ವಿಯಲ್ಲಿ ಹಾರಿತು. ಚಿತ್ರ ಓದಲು ಕಲಿತು ಸುಮಾರು ಐವತ್ತು ವರ್ಷ ಆದ ಮೇಲೆ ಚಿತ್ರ ತೆಗೆಯುವ ಯಂತ್ರ ಪೂರ್ತಿ ಸ್ವಂತದ್ದಾಯಿತು. ನನಗೆ ಈ ಕ್ರಮ ಸರಿ ಅನ್ನಿಸುತ್ತದೆ. ಎಷ್ಟೋ ದೇಶಗಳು ಇದನ್ನು ತಲೆಕೆಳಗು ಮಾಡುತ್ತವೆ. ಉಪಗ್ರಹ ಮೊದಲು ಬರುತ್ತದೆ. ಚಿತ್ರ ಓದಿ ಕೃಷಿ ಇಲಾಖೆಗೋ ನೀರಾವರಿ ಇಲಾಖೆಗೋ ಹೇಳುವವರು ಇರುವುದಿಲ್ಲ. ಚಿತ್ರಗಳು ಸರ್ವರಿನಲ್ಲಿ ಸುಮ್ನೆ ಬಿದ್ದಿರುತ್ತವೆ.

ಇವತ್ತು ಪುಕ್ಕಟೆ ಚಿತ್ರಗಳಿಗೆ ಬರವಿಲ್ಲ. ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ಕೊಡುತ್ತದೆ. ನೆಲದ ಮೇಲಿನ ಹತ್ತು ಮೀಟರ್ ಅಗಲದ ಹೊಲವೂ ಅದರಲ್ಲಿ ಒಂದು ಚುಕ್ಕಿಯಾಗಿ ಕಾಣುತ್ತದೆ. ಪ್ರವಾಹ, ಭೂಕಂಪದಂಥ ಸಮಯದಲ್ಲಿ ಬಾಹ್ಯಾಕಾಶ ಸಂಸ್ಥೆಗಳು ಸೇರಿ 2000ದಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಒಡಂಬಡಿಕೆ ಇದೆ, ಕೇಳಿದ ದೇಶಕ್ಕೆ ಚಿತ್ರ ಸಿಗುತ್ತದೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ: ಬರೀ ಚಿತ್ರಕ್ಕಾಗಿ ಸಣ್ಣ ದೇಶವೊಂದು ಉಪಗ್ರಹ ಕೊಳ್ಳುವುದು ಈಗ ಬೇಕಾಗಿಲ್ಲ. ನಾಲ್ಕು ಒಳ್ಳೆಯ ಕಂಪ್ಯೂಟರು, ಇಪ್ಪತ್ತು ಚೆನ್ನಾಗಿ ಕಲಿತ ಜನ ಸಾಕು.

ಸಂಪರ್ಕ ಉಪಗ್ರಹದ ಲೆಕ್ಕ ಬೇರೆ, ಅಪಾಯವೂ ಜಾಸ್ತಿ. 17,000ಕ್ಕೂ ಹೆಚ್ಚು ದ್ವೀಪಗಳ ಇಂಡೋನೇಷ್ಯಾ 1976ರಲ್ಲಿ ಪಲಾಪಾ ಎ1 ಉಪಗ್ರಹ ಕೊಂಡಿತು. ಅಮೆರಿಕದ ಕಂಪನಿ ಕಟ್ಟಿದ್ದು, ಅಮೆರಿಕವೇ ಹಾರಿಸಿದ್ದು. ಅಷ್ಟು ದ್ವೀಪಗಳ ನಡುವೆ ಸಮುದ್ರದಡಿ ತಂತಿ ಎಳೆಯುವುದಕ್ಕಿಂತ ಇದೇ ಸಲೀಸಾಗಿತ್ತು. ಅದು ಜಾಣತನದ ಖರೀದಿ. ಅದೇ ಬೊಲಿವಿಯಾ 2013ರಲ್ಲಿ ಸುಮಾರು 30 ಕೋಟಿ ಡಾಲರಿಗೆ ತುಪಾಕ್ ಕತಾರಿ ಉಪಗ್ರಹ ಕೊಂಡಿತು. ದುಡ್ಡಿನಲ್ಲಿ ಹೆಚ್ಚಿನ ಪಾಲು ಚೀನಾ ಬ್ಯಾಂಕಿನ ಸಾಲ. ಅಷ್ಟೊತ್ತಿಗೆ ಬೇರೆ ಉಪಗ್ರಹಗಳಲ್ಲಿ ಜಾಗ ಬಾಡಿಗೆಗೆ ಸಿಗುತ್ತಿತ್ತು. ಮೊದಲು ಬಾಡಿಗೆಗೆ ಹಿಡಿದು ನೋಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೆಟ್ಟರೆ ಗತಿ ಏನು ಎಂಬುದೂ ಇದೆ. ಚೀನಾ ಕಟ್ಟಿ ಹಾರಿಸಿದ ನೈಜೀರಿಯಾದ ನಿಗ್‌ಕಾಮ್‌ಸ್ಯಾಟ್-1 ಸೌರಫಲಕದ ತೊಂದರೆಯಿಂದ ಒಂದೂವರೆ ವರ್ಷಕ್ಕೇ, 2008ರ ನವೆಂಬರ್‌ನಲ್ಲಿ, ಸತ್ತುಹೋಯಿತು. ವಿಮೆ ಇದ್ದದ್ದರಿಂದ 2011ರಲ್ಲಿ ಬದಲಿ ಬಂತು. ಅಂಗೋಲಾದ ಮೊದಲ ಉಪಗ್ರಹ 2017ರ ಕೊನೆಗೆ ಹಾರಿ, ಕೆಲಸಕ್ಕೆ ಬರುವ ಮೊದಲೇ ಕೈಕೊಟ್ಟಿತು.

ಜಾಗದ ಮಾತು ಬಂದದ್ದಕ್ಕೆ ಒಂದು ಸ್ವಾರಸ್ಯ. ಇಂಥ ಸಂಪರ್ಕ ಉಪಗ್ರಹಗಳು ನಿಲ್ಲುವುದು ಭೂಮಧ್ಯರೇಖೆಯ ನೇರಕ್ಕೆ 35,786 ಕಿ.ಮೀ. ಎತ್ತರದಲ್ಲಿ, ಒಂದೇ ಸಾಲಿನಲ್ಲಿ. 1976ರಲ್ಲಿ ಕೊಲಂಬಿಯಾ, ಕೀನ್ಯಾ, ಇಂಡೋನೇಷ್ಯಾ ಮುಂತಾದ ಎಂಟು ದೇಶಗಳು ಬೊಗೋಟಾದಲ್ಲಿ ಸೇರಿ, ನಮ್ಮ ತಲೆಯ ಮೇಲಿನ ಆ ಜಾಗ ನಮ್ಮದು ಎಂದು ಸಾರಿದವು. ಬಾಹ್ಯಾಕಾಶ ಯಾವ ದೇಶದ ಸ್ವತ್ತೂ ಅಲ್ಲ ಎಂದು 1967ರ ಒಪ್ಪಂದ ಹೇಳುವುದರಿಂದ ಅವರ ಮಾತು ನಡೆಯಲಿಲ್ಲ. ಪೆಸಿಫಿಕ್ ಸಾಗರದ ಪುಟಾಣಿ ದ್ವೀಪದೇಶ ಟೋಂಗಾ ಜಾಣ. ಅದು ಜಗಳಕ್ಕೇ ಹೋಗಲಿಲ್ಲ. 1988ರಲ್ಲಿ ನಿಯಮದ ಪ್ರಕಾರವೇ ಅರ್ಜಿ ಹಾಕಿ ಒಂದೇ ಏಟಿಗೆ 16 ಜಾಗ ಕೇಳಿತು. ಗದ್ದಲವಾಗಿ ಕಡಿಮೆ ಸಿಕ್ಕಿತು, ಆದರೂ ಸಿಕ್ಕ ಜಾಗಗಳನ್ನು ಬಾಡಿಗೆಗೆ ಬಿಟ್ಟು ದುಡ್ಡು ಮಾಡಿತು! ತಡವಾಗಿ ಬಂದ ಬಾಂಗ್ಲಾದೇಶ 2018ರಲ್ಲಿ ತನ್ನ ಬಂಗಬಂಧು-1 ನಿಲ್ಲಿಸಲು ಬೇರೆ ಸಂಸ್ಥೆಯ ಕೈಯಲ್ಲಿದ್ದ ಜಾಗವನ್ನು ಬಾಡಿಗೆಗೆ ಹಿಡಿಯಬೇಕಾಯಿತು. ಆ ಜಾಗವೂ ದೇಶದ ನೆತ್ತಿಯ ಮೇಲಲ್ಲ, ಬಹಳ ಪೂರ್ವಕ್ಕೆ.

ನೇಪಾಳದ ವಿಷಯ ಕೇಳಿದ್ದೀರಿ. 2019ರಲ್ಲಿ ಅದರ ನೇಪಾಳಿಸ್ಯಾಟ್-1, ಜೊತೆಗೆ ಶ್ರೀಲಂಕಾದ ರಾವಣ-1 ಹೋದವು. ಅದಕ್ಕೂ ಮೊದಲು ಘಾನಾ, ಮಂಗೋಲಿಯಾ, ಬಾಂಗ್ಲಾದೇಶ, ಭೂತಾನ್. ಎಲ್ಲವೂ ಜಪಾನಿನ ಕ್ಯುಶು ತಾಂತ್ರಿಕ ಸಂಸ್ಥೆಯಲ್ಲಿ ಆಯಾ ದೇಶದ ವಿದ್ಯಾರ್ಥಿಗಳು ಕಟ್ಟಿದ ಕ್ಯೂಬ್‌ಸ್ಯಾಟ್‌ಗಳು. ಅಂದರೆ ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ, ಒಂದು ಕೆಜಿಗೆ ಸ್ವಲ್ಪ ಹೆಚ್ಚು ತೂಗುವ ಪೆಟ್ಟಿಗೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಗೆ ಬಿಟ್ಟರು. ಒಂದೆರಡು ವರ್ಷದಲ್ಲಿ ಉರಿದು ಬೀಳುತ್ತವೆ. ಅವುಗಳ ಚಿತ್ರ ನೋಡಿ ನಕ್ಕವರಿದ್ದಾರೆ. ನಾನು ನಗುವುದಿಲ್ಲ. ಅದು ಪಾಠದ ಪೆಟ್ಟಿಗೆ. ಅಷ್ಟು ಸಣ್ಣದರಲ್ಲೂ ವಿದ್ಯುತ್ತು, ರೇಡಿಯೋ, ಕಂಪ್ಯೂಟರು, ಬಿಸಿ-ತಂಪಿನ ಏರುಪೇರು ಎಲ್ಲವನ್ನೂ ನಿಭಾಯಿಸಬೇಕು, ಮತ್ತು ತಪ್ಪಾದರೆ ಹೋಗಿ ರಿಪೇರಿ ಮಾಡುವ ಹಾಗಿಲ್ಲ. ಇಥಿಯೋಪಿಯಾದ 2019ರ ಉಪಗ್ರಹ ಸುಮಾರು 70 ಕೆಜಿಯದು, ಖರ್ಚಿನಲ್ಲಿ ದೊಡ್ಡ ಪಾಲು ಚೀನಾ ಕೊಟ್ಟಿತು. ಅಲ್ಲಿ ಎಷ್ಟು ಜನ ನಿಜವಾಗಿ ಕಲಿತರು ಎಂಬುದರ ಮೇಲೆ ಮುಂದಿನ ಕಥೆ.

ಇನ್ನು ರಾಕೆಟ್. ಅದನ್ನು ಯಾಕೆ ಕೊನೆಗಿಡಬೇಕು? ಕಷ್ಟ ಎಂಬುದು ಒಂದು. ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಏಳೂಮುಕ್ಕಾಲು ಕಿಲೋಮೀಟರ್ ವೇಗ ಬೇಕು, ಒಂದು ವಾಲ್ವ್ ಸೋರಿದರೂ ಮುಗಿಯಿತು. 1979ರಲ್ಲಿ ಭಾರತದ ಮೊದಲ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದದ್ದು ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿದ್ದರಿಂದ. ಎರಡನೇ ಕಾರಣ, ರಾಕೆಟ್ಟೂ ಕ್ಷಿಪಣಿಯೂ ಅಣ್ಣತಮ್ಮಂದಿರು. ಉಪಗ್ರಹದ ವಿದ್ಯೆ ಹೇಳಿಕೊಡಲು ಹತ್ತು ಜನ ಸಿಗುತ್ತಾರೆ, ರಾಕೆಟ್ಟಿನದು ಯಾರೂ ಹೇಳಿಕೊಡುವುದಿಲ್ಲ. ಭಾರತಕ್ಕೆ ಕ್ರಯೋಜೆನಿಕ್ ಎಂಜಿನ್ (ಅತಿ ತಣ್ಣಗೆ ಮಾಡಿ ದ್ರವವಾಗಿಸಿದ ಅನಿಲ ಉರಿಸುವ ಎಂಜಿನ್) ವಿದ್ಯೆ ಕೊಡಲು ಒಪ್ಪಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ 1993ರಲ್ಲಿ ಹಿಂದೆ ಸರಿದು ಎಂಜಿನ್ ಮಾತ್ರ ಕೊಟ್ಟಿತು. ಸ್ವಂತ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಗೆದ್ದದ್ದು 2014ರ ಜನವರಿಯಲ್ಲಿ. ಕೊರಿಯಾಕ್ಕೂ ಅದೇ ಪಾಡು. ರಷ್ಯಾ ಮೊದಲ ಹಂತವನ್ನು ಮಾರಿತು, ಒಳಗಿನ ಗುಟ್ಟು ಬಿಡಲಿಲ್ಲ. ಪೂರ್ತಿ ಸ್ವಂತದ ನೂರಿ ರಾಕೆಟ್ ಗೆದ್ದದ್ದು 2022ರ ಜೂನ್‌ನಲ್ಲಿ, ಕಿಟ್‌ಸ್ಯಾಟ್-1 ಹಾರಿ ಸುಮಾರು ಮೂವತ್ತು ವರ್ಷದ ಮೇಲೆ. ಇಷ್ಟೆಲ್ಲ ಆದ ಮೇಲೂ ಭಾರತ 2024ರ ನವೆಂಬರ್‌ನಲ್ಲಿ ತನ್ನ 4,700 ಕೆಜಿಯ ಜಿಸ್ಯಾಟ್-ಎನ್2 ಅನ್ನು ಅಮೆರಿಕದ ಫಾಲ್ಕನ್-9ರಲ್ಲಿ ಕಳಿಸಿತು. ಅದು ಅವಮಾನವೇನಲ್ಲ. ತೂಕ ಜಾಸ್ತಿ ಇತ್ತು, ಬೇರೆಯವರ ಗಾಡಿ ಹಿಡಿದರು, ಅಷ್ಟೇ.

ಕೊನೆಯದು, ಬಾಡಿಗೆ ಉಡಾವಣಾ ಕೇಂದ್ರ. ಭೂಮಧ್ಯರೇಖೆಯಲ್ಲಿ ಭೂಮಿ ಸೆಕೆಂಡಿಗೆ ಸುಮಾರು 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹಾರಿಸಿದರೆ ಆ ವೇಗ ಪುಕ್ಕಟೆ. ಆದರೆ ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ, ಅವಕ್ಕೆ ಇದರಿಂದ ಲಾಭವಿಲ್ಲ. ಜಾಗ ಕೊಟ್ಟ ಮಾತ್ರಕ್ಕೆ ವಿದ್ಯೆಯೂ ಬರುವುದಿಲ್ಲ. ಕೀನ್ಯಾದ ಮಾಲಿಂಡಿ ತೀರದಲ್ಲಿ, ಸಮುದ್ರದೊಳಗೆ ನಿಲ್ಲಿಸಿದ ಕಟ್ಟೆಯಿಂದ ಇಟಲಿಯವರು 1967ರಿಂದ ಎರಡು ದಶಕ ಉಪಗ್ರಹ ಹಾರಿಸಿದರು. 1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯದ ದಿನವೇ, ಅಲ್ಲಿಂದ ಅಮೆರಿಕದ ಎಕ್ಸ್-ಕಿರಣ ವೀಕ್ಷಕ ಹೋಯಿತು. ಅದಕ್ಕೆ ಉಹುರು ಎಂದು ಹೆಸರಿಟ್ಟರು, ಸ್ವಾಹಿಲಿಯಲ್ಲಿ ‘ಸ್ವಾತಂತ್ರ್ಯ’. ಹೆಸರು ಕೀನ್ಯಾದ್ದು, ಸಮುದ್ರ ಕೀನ್ಯಾದ್ದು, ಉಳಿದದ್ದೆಲ್ಲ ಬೇರೆಯವರದು. ಕೀನ್ಯಾದ ಟೈಫಾ-1 ಹಾರಲು 2023ರವರೆಗೆ ಕಾಯಬೇಕಾಯಿತು, ಅದೂ ಅಮೆರಿಕದಿಂದ.

ಬ್ರೆಜಿಲ್‌ನ ಅಲ್ಕಾಂತರಾ ಉಡಾವಣಾ ಕೇಂದ್ರ ಭೂಮಧ್ಯರೇಖೆಗೆ ಬರೀ ಎರಡೂಕಾಲು ಡಿಗ್ರಿ ದೂರ. 1980ರ ದಶಕದಲ್ಲಿ ಅದಕ್ಕಾಗಿ ನೂರಾರು ಕುಟುಂಬಗಳನ್ನು ಎತ್ತಂಗಡಿ ಮಾಡಿದರು, ಆ ಜಗಳ ದಶಕಗಟ್ಟಲೆ ನಡೆಯಿತು. 2003ರ ಆಗಸ್ಟ್ 22ರಂದು, ಉಡಾವಣೆಗೆ ಮೂರೇ ದಿನ ಇರುವಾಗ, ಅವರ ವಿಎಲ್‌ಎಸ್ ರಾಕೆಟ್ಟಿನ ಒಂದು ಮೋಟಾರು ತಾನಾಗಿಯೇ ಹೊತ್ತಿಕೊಂಡು 21 ಜನ ಸತ್ತರು. ಸತ್ತವರೆಲ್ಲ ಆ ರಾಕೆಟ್ಟನ್ನು ಬಲ್ಲ ತಂತ್ರಜ್ಞರು. ಉಡಾವಣಾ ಕಟ್ಟೆಯನ್ನು ಮತ್ತೆ ಕಟ್ಟಿದರು. ಆ ಜನರನ್ನು ಎಲ್ಲಿಂದ ತರುವುದು? ಯೋಜನೆಯನ್ನೇ ಕೊನೆಗೆ ಕೈಬಿಟ್ಟರು. ಆಮೇಲೆ 2023ರ ಮಾರ್ಚ್‌ನಲ್ಲಿ ಅಲ್ಲಿಂದ ಒಂದು ಪರೀಕ್ಷಾ ರಾಕೆಟ್ ಬಾಡಿಗೆ ಕೊಟ್ಟು ಹಾರಿತು. ಹಾರಿಸಿದ್ದು ದಕ್ಷಿಣ ಕೊರಿಯಾದ ಇನ್ನೋಸ್ಪೇಸ್ ಎಂಬ ಖಾಸಗಿ ಕಂಪನಿ. ಅದರ ಹೊಟ್ಟೆಯಲ್ಲಿ ಇದ್ದದ್ದು ಬ್ರೆಜಿಲ್‌ನವರೇ ತಯಾರಿಸಿದ, ರಾಕೆಟ್ಟಿಗೆ ದಾರಿ ತೋರಿಸುವ ಉಪಕರಣ.